ಗುಂಡು ತುಂಬಿಕೊಡುವವಳು

ವಾರಗಿತ್ತಿಯರೆಂದರೆ ಕಿತ್ತಾಡಲೇಬೇಕು ಎಂದು ಯಾರು ಹೇಳಿದರೋ, ಅವರ ಬಾಯಿಗೆ ಮಣ್ಣು ಹಾಕ! ಆ ಮನೆಯ ಸೊಸೆಯರಿಬ್ಬರೂ ಒಂದು ದಿನವಾದರೂ ಒಬ್ಬರಿಗೊಬ್ಬರು ದನಿ ಏರಿಸಿದವರಲ್ಲ. ಕಿತ್ತಾಡಿದವರು ಅವರ ಗಂಡಂದಿರು. ಅದೂ ಯಾತಕ್ಕೆ? ಒಂದು ಸೋಫಾ ಬಟ್ಟೆಗೆ.

ಅಣ್ಣತಮ್ಮಂದಿರದು ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ. ಅಣ್ಣ ಗುರುತು ಹಾಕುವವನು, ತಮ್ಮ ಕತ್ತರಿಸುವವನು, ದೊಡ್ಡ ಸೊಸೆ ಹೊಲಿಯುವವಳು, ಚಿಕ್ಕ ಸೊಸೆ ಚೌಕಟ್ಟಿಗೆ ಬಟ್ಟೆ ಎಳೆದು ಪಿನ್ನು ಹೊಡೆಯುವವಳು. ಮಖಮಲ್ಲಿಗೆ ಒಂದು ಮೈವಾಟ ಇರುತ್ತದೆ. ಒಂದು ಕಡೆಗೆ ಸವರಿದರೆ ನುಣುಪು, ಎದುರಿಗೆ ಸವರಿದರೆ ಒರಟು, ಬಣ್ಣವೂ ಬೇರೆಯಾಗಿ ಕಾಣುತ್ತದೆ. ಒಬ್ಬ ದೊಡ್ಡ ಗಿರಾಕಿಯ ಕಡುಗೆಂಪು ಸೋಫಾಕ್ಕೆ ಒರಗುವ ಕಡೆಯ ಬಟ್ಟೆ ಮೇಲ್ಮುಖವಾಗಿಯೂ ಕೂರುವ ಕಡೆಯದು ಹಿಮ್ಮುಖವಾಗಿಯೂ ಕೂತುಬಿಟ್ಟಿತು. ಅಂಗಡಿಯ ಮಬ್ಬಿನಲ್ಲಿ ಯಾರಿಗೂ ಕಾಣಲಿಲ್ಲ. ಗಿರಾಕಿಯ ಮನೆಯ ಕಿಟಕಿ ಬೆಳಕಿಗೆ ಇಟ್ಟ ಕೂಡಲೇ ಒಂದೇ ಸೋಫಾ ಎರಡು ಬಣ್ಣವಾಯಿತು. "ನೀನು ಗುರುತು ಹಾಕಿದ್ದು" ಎಂದ ತಮ್ಮ. "ನೀನು ಕತ್ತರಿಸಿದ್ದು" ಎಂದ ಅಣ್ಣ. ಅಲ್ಲಿಗೆ ನಿಲ್ಲಿಸಿದ್ದರೆ ಅವರು ಗಂಡಸರೇ ಅಲ್ಲವಲ್ಲ! ಹಳೆಯದೆಲ್ಲ ಕೆದಕಿದರು. ಕಡೆಗೆ ಅಣ್ಣನ ಬಾಯಿಂದ ಆ ಮಾತು ಬಂತು: "ನಿನ್ನ ಹೆಂಡತಿ ನನ್ನ ಹೆಂಡತಿ ತಲೆ ಕೆಡಿಸಿದ್ದಾಳೆ. ಭಾನುವಾರ ಬಂತಂದ್ರೆ ಇಬ್ಬರೂ ಬಂದೂಕು ಹೊತ್ಕೊಂಡು ಹೊರಡ್ತಾರೆ. ಇನ್ನು ಅಂಗಡಿ ಉದ್ಧಾರ ಆದ ಹಾಗೇ!"

ಆ ವಾರವೇ ಅಂಗಡಿಯ ನಟ್ಟನಡುವೆ ಪ್ಲೈವುಡ್ ಗೋಡೆ ಎದ್ದಿತು. ಆ ಕಡೆ ತಮ್ಮನ ಕಾರಿನ ಸೀಟಿನ ಕೆಲಸ, ಈ ಕಡೆ ಅಣ್ಣನ ಸೋಫಾ. ತಮ್ಮ ಬೇರೆ ಬಾಡಿಗೆ ಮನೆ ಹಿಡಿದ. ಅಣ್ಣನ ಮನೆಗೆ ಕಾಲಿಡಕೂಡದು, ಆ ಮನೆಯವರೊಡನೆ ಮಾತಾಡಕೂಡದು ಎಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದ. ಮಾತಾಡಬೇಡ ಎಂದು ಯಾರಿಗೆ ಹೇಳಿದ ನೋಡಿ! ಆ ಚಿಕ್ಕವಳಿಗೆ ಮನೆಯಲ್ಲೆಲ್ಲ ಇದ್ದ ಹೆಸರೇ ವಟವಟ.

ಬಂದೂಕು ದೊಡ್ಡವಳದು. ಬಂದೂಕು ಎಂದರೆ ದೊಡ್ಡದೇನಲ್ಲ, ಪಾಯಿಂಟ್ ಟೂ ಟೂ ಗುಂಡಿನ ಪುಟ್ಟ ಲಿವರ್ ರೈಫಲ್. ಅದನ್ನು ಕೊಳ್ಳುವ ಹುಚ್ಚು ಹತ್ತಿದ್ದು ಹೀಗೆ. ಊರಾಚೆ ಹಳೆಯ ಕಲ್ಲುಗಣಿಯಲ್ಲಿ ಗುರಿ ಹೊಡೆಯುವ ಕ್ಲಬ್ಬಿದೆ. ಯಾರು ಬೇಕಾದರೂ ಬಂದು ನೋಡಬಹುದು ಎಂದು ಅವರು ಕರೆದ ಒಂದು ದಿನ, ವಟವಟ ತಾನು ಅಕ್ಕ ಎಂದೇ ಕರೆಯುವ ದೊಡ್ಡವಳ ಕೈ ಹಿಡಿದು ಎಳೆದುಕೊಂಡು ಹೋಗಿದ್ದಳು. ದೊಡ್ಡವಳು ಹುಟ್ಟಾ ಎಡಚಿ. ಅವಳ ಪಾಲಿಗೆ ಲೋಕದ ಸಾಮಾನೆಲ್ಲ ತಲೆಕೆಳಗು: ಕತ್ತರಿ, ಹೊಲಿಗೆ ಯಂತ್ರದ ಚಕ್ರ, ಬಾಗಿಲ ಚಿಲಕ. ಅಲ್ಲಿಟ್ಟಿದ್ದ ರೈಫಲ್‌ಗಳ ಗುಂಡು ತಳ್ಳುವ ಹಿಡಿಯೂ ಬಲಗಡೆಗೇ. ಒಂದಕ್ಕೆ ಮಾತ್ರ ಹಿಡಿ ಪಕ್ಕದಲ್ಲಿರಲಿಲ್ಲ, ಟ್ರಿಗರಿನ ಕೆಳಗೆ ಕಬ್ಬಿಣದ ಬಳೆಯಂತೆ ಇತ್ತು. ಅದನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆದರೆ ಹಳೆಯ ಗುಂಡಿನ ಸಿಪ್ಪೆ ಹೊರಗೆ, ಹೊಸ ಗುಂಡು ಒಳಗೆ. ಎಡಗೈಗೂ ಅಷ್ಟೇ, ಬಲಗೈಗೂ ಅಷ್ಟೇ. ದೊಡ್ಡವಳು ಅದನ್ನು ಎಡ ಹೆಗಲಿಗೆ ಆನಿಸಿಕೊಂಡಳು. ನೀನು ಹಿಡಿದದ್ದು ತಪ್ಪು ಎಂದು ಯಾರೂ ಹೇಳಲಿಲ್ಲ. ಅವಳಿಗೆ ಅಳುವೇ ಬಂದಿತ್ತು. ಲೈಸೆನ್ಸಿಗೆ ಅಲೆದಳು, ಅಂಥದ್ದೇ ಒಂದನ್ನು ಕೊಂಡಳು, ಮಂಚದ ಪಕ್ಕ ಬೀಗದ ಕಬ್ಬಿಣದ ಪೆಟ್ಟಿಗೆ ಇಟ್ಟಳು. ಆ ಮನೆಯಲ್ಲಿ ಅವಳದೇ ಎನ್ನುವಂಥದ್ದು ಅದೊಂದೇ.

ಅವಳದೇ ಎಂದೆನಲ್ಲ, ಅದು ಕಾಗದದ ಮೇಲಿನ ಮಾತು. ಹೊಡೆಯುವವಳು ದೊಡ್ಡವಳಾದರೆ ಗುಂಡು ತುಂಬಿಕೊಡುವವಳು ಚಿಕ್ಕವಳು. ಇದೇನು ಸೇವೆ ಮಾಡುವ ಸಡಗರ ಅಂದುಕೊಳ್ಳಬೇಡಿ, ಇದೊಂದು ಅಭ್ಯಾಸದ ಕ್ರಮ. ಗುರಿಕಾರರಿಗೆ ಒಂದು ರೋಗ ಬರುತ್ತದೆ, ಬೆಚ್ಚು ಅಂತ. ಟ್ರಿಗರ್ ಎಳೆಯುವ ಮೊದಲೇ ಸದ್ದಿಗೆ ಮೈ ಹೆದರಿ, ರೈಫಲಿನ ಮೂತಿ ತುಸು ಕೆಳಗೆ ಜಗ್ಗುತ್ತದೆ. ಜಗ್ಗಿದ್ದು ಹೊಡೆದವರಿಗೇ ಗೊತ್ತಾಗುವುದಿಲ್ಲ, ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೆ ಮದ್ದು, ಸುಳ್ಳು ಗುಂಡು. ಆಕಾರದಲ್ಲಿ ಅಳತೆಯಲ್ಲಿ ನಿಜದ್ದರ ಹಾಗೇ ಇರುವ ಪ್ಲಾಸ್ಟಿಕ್ಕಿನ ಗುಂಡು. ಜೊತೆಯವರು ನಳಿಗೆಯ ಕೆಳಗಿನ ಕೊಳವೆಯಲ್ಲಿ ನಿಜದ್ದನ್ನೂ ಸುಳ್ಳನ್ನೂ ತಮಗೆ ತೋಚಿದಂತೆ ಬೆರೆಸಿ ತುಂಬಬೇಕು. ಹೊಡೆಯುವವರು ಬೆನ್ನು ತಿರುಗಿಸಿ ನಿಂತಿರಬೇಕು, ಆಮೇಲೆ ಗುರಿಯಿಂದ ಕಣ್ಣು ಕೀಳಬಾರದು. ಸುಳ್ಳು ಗುಂಡು ಬಂದಾಗ 'ಟಿಕ್' ಎನ್ನುತ್ತದೆ, ಅಷ್ಟೇ. ಸದ್ದಿಲ್ಲದ ಆ ಗಳಿಗೆಯಲ್ಲಿ ಮೂತಿ ಜಗ್ಗಿದರೆ ಬೆಚ್ಚಿನ ಗುಟ್ಟು ರಟ್ಟು. ಯಾವುದು ನಿಜ, ಯಾವುದು ಸುಳ್ಳು ಎಂದು ತಿಳಿಯದೆ ಹೊಡೆದು ಹೊಡೆದು, ಮೈ ಹೆದರುವುದನ್ನೇ ಮರೆಯುತ್ತದೆ.

ಒಂದು ತೊಡಕಿತ್ತು. ನಿಜದ ಗುಂಡು ಕೊಳವೆಗೆ ಬೀಳುವಾಗ ಟಣ್ ಅನ್ನುತ್ತದೆ, ಪ್ಲಾಸ್ಟಿಕ್ಕಿನದು ಟಪ್ ಅನ್ನುತ್ತದೆ. ಕಿವಿ ಮುಚ್ಚಿಕೊಳ್ಳೋಣವೆಂದರೆ ಗುಂಡು ತುಂಬುವಾಗ ಕಿವಿ ತೆರೆದೇ ಇರಬೇಕೆಂದು ಕ್ಲಬ್ಬಿನ ನಿಯಮ, ಕಾವಲಿನವನ ಕೂಗು ಕೇಳಬೇಕಲ್ಲ. ವಟವಟನಿಗೆ ಅದು ತೊಡಕೇ ಆಗಿರಲಿಲ್ಲ. ತುಂಬಲು ಶುರು ಮಾಡಿದಳೆಂದರೆ ಬಾಯಿಯೂ ಶುರು. "ಅಕ್ಕಾ, ಮೂಲೆಮನೆಯವಳು ಹೊಸ ಕನ್ನಡಕ ಹಾಕ್ಕೊಂಡಿದ್ದಾಳೆ, ನೋಡಿದ್ರಾ? ಗೂಬೆ ಥರ ಕಾಣ್ತಾಳೆ, ಪಾಪ, ನಾನು ಚೆನ್ನಾಗಿದೆ ಅಂದುಬಿಟ್ಟೆ, ಈಗ ಅವಳ ತಂಗಿಗೂ ಅದೇ ತಗೊಂಡ್ಳಂತೆ…" ಆ ಮಾತಿನ ಮಳೆಯಲ್ಲಿ ಟಣ್ ಯಾವುದು ಟಪ್ ಯಾವುದು ಎಂದು ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ. ದೊಡ್ಡವಳು ನಗುತ್ತಲೇ ರೈಫಲ್ ಇಸಿದುಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಅವಳ ಗುರಿಕಾಗದದ ತೂತುಗಳನ್ನು ಒಂದು ಅಂಗಿಯ ಗುಂಡಿಯಿಂದ ಮುಚ್ಚಬಹುದಿತ್ತು.

ಗೋಡೆ ಎದ್ದ ಮೇಲೆ ಬೆಚ್ಚು ಹಿಡಿಯಿತು. ಒಬ್ಬಳೇ ಹೋಗಿ ಒಬ್ಬಳೇ ತುಂಬಿಕೊಂಡು ಹೊಡೆದರೆ ಒಂದು ಗುಂಡು ಕಾಗದದ ಕೆಳತುದಿಗೆ, ಇನ್ನೊಂದು ಮಣ್ಣಿಗೆ. ಕ್ಲಬ್ಬಿನ ಕಾವಲಿನವನು ಸದಾ ಕಿವಿಯಲ್ಲಿ ಹತ್ತಿ ತುರುಕಿಕೊಂಡಿರುವ ಮುದುಕ, ಎಲ್ಲರೂ ಅವನನ್ನು ಹತ್ತಿಕಿವಿ ಎನ್ನುತ್ತಾರೆ. ಅವನು ಬಂದು ನೋಡಿ, "ಏನಮ್ಮಾ ಇದು! ಇಷ್ಟು ಪುಟ್ಟ ರೈಫಲ್ಲಿಗೆ ಬೆಚ್ಚೋದಾ? ಇದಕ್ಕಿಂತ ನನ್ನ ಸೀನೇ ಜೋರು. ಎಲ್ಲಿ ನಿನ್ನ ಜೊತೆಗಾರ್ತಿ?" ಎಂದ.

"ಬರಲ್ಲ" ಎಂದಳು ದೊಡ್ಡವಳು.

ಹತ್ತಿಕಿವಿ ತಾನೇ ತುಂಬಿಕೊಟ್ಟ. ಪಾಪ, ನಿಯಮದ ಮನುಷ್ಯ. ಒಂದು ನಿಜ, ಒಂದು ಸುಳ್ಳು, ಒಂದು ನಿಜ, ಒಂದು ಸುಳ್ಳು. ಎರಡನೆಯ ಸಲಕ್ಕೇ ಅವಳಿಗೆ ಬಾಯಿಪಾಠವಾಯಿತು. ಮುಂದಿನ ಭಾನುವಾರ ಗಂಡನನ್ನು ಎಳೆದುಕೊಂಡು ಹೋದಳು. ತಾನಾಡಿದ ಮಾತಿನಿಂದಲೇ ಇಷ್ಟೆಲ್ಲ ಆಯಿತೆಂಬ ಅಳುಕು ಅವನಿಗೂ ಇತ್ತು, ಅದಕ್ಕೇ ತುಟಿ ಪಿಟಕ್ಕೆನ್ನದೆ ಬಂದ. ತುಟಿ ಪಿಟಕ್ಕೆನ್ನದೆಯೇ ತುಂಬಿದ. ಟಣ್, ಟಣ್, ಟಪ್, ಟಣ್.

"ಏನಾದ್ರೂ ಮಾತಾಡ್ರೀ" ಎಂದಳು.

"ಏನಂತ ಮಾತಾಡ್ಲಿ?"

"ಏನಾದ್ರೂ. ಬಾಯಿಗೆ ಬಂದಿದ್ದು."

ಅವನು ತಲೆ ಕೆರೆದುಕೊಂಡ. ಬಹಳ ಹೊತ್ತು ಯೋಚಿಸಿದ. "ಸ್ಪಂಜಿನ ರೇಟು ಜಾಸ್ತಿಯಾಗಿದೆ" ಎಂದ. ಆಮೇಲೆ ಮತ್ತೆ ಟಪ್. ಸಾಲದ್ದಕ್ಕೆ, ಸುಳ್ಳು ಗುಂಡಿನ ಸರದಿ ಬಂದಾಗಲೆಲ್ಲ ಬೆನ್ನಿಗಂಟಿಕೊಂಡು ನಿಂತು ಉಸಿರು ಬಿಗಿಹಿಡಿಯುತ್ತಿದ್ದ. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡನ ಉಸಿರು ಹೆಂಡತಿಗೆ ತಿಳಿಯುವುದಿಲ್ಲವೇ! ಅವಳು ರೈಫಲ್ ಕೆಳಗಿಟ್ಟು, "ಸಾಕು, ಮನೆಗೆ ಹೋಗೋಣ" ಎಂದಳು.

ಅಂಗಡಿಯಲ್ಲಿ ಅವಳ ಹೊಲಿಗೆ ಯಂತ್ರ ಪ್ಲೈವುಡ್ ಗೋಡೆಗೆ ತಾಗಿಕೊಂಡೇ ಇತ್ತು. ಆ ಕಡೆಯಿಂದ ಪಿನ್ನು ಹೊಡೆಯುವ ಸದ್ದು ಕೇಳುತ್ತಿತ್ತು. ಟಪ್ ಟಪ್ ಟಪ್, ಒಂದಿಷ್ಟು ಬಿಡುವು, ಮತ್ತೆ ಟಪ್. ಮೊದಲಾಗಿದ್ದರೆ ಆ ಬಿಡುವಿನಲ್ಲೊಂದು ಮಾತು ಇರುತ್ತಿತ್ತು. ಈಗ ಬರೀ ಬಿಡುವು. ಎದುರಿಗೆ ಸಿಕ್ಕರೆ ಚಿಕ್ಕವಳು ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದಳು, ಹಾಗೆ ಸರಿಯುವಾಗ ಅವಳ ಕಿವಿ ಕೆಂಪಾಗುತ್ತಿತ್ತು. ಒಂದೊಂದು ಮಧ್ಯಾಹ್ನ ದೊಡ್ಡವಳು ಯಂತ್ರ ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದಳು. ಆ ಮೂಲೆಮನೆಯವಳ ಕನ್ನಡಕ ಏನಾಯಿತು ಎಂದು ಕೇಳಬೇಕೆನ್ನಿಸುತ್ತಿತ್ತು. ನಗಬೇಡಿ. ಗೋಡೆ ಕಿತ್ತು ಹಾಕಿಬಿಡಲೇ ಎನ್ನುವಷ್ಟು ಕೇಳಬೇಕೆನ್ನಿಸುತ್ತಿತ್ತು.

ಹೀಗಿರುವಾಗ ಒಂದು ದಿನ ಚಹಾ ತಂದುಕೊಡುವವನು ಲೋಟ ಇಡುತ್ತಾ, "ಪಕ್ಕದವರು ಊರಾಚೆ ದೊಡ್ಡ ಶೆಡ್ ಹಿಡಿದಿದ್ದಾರಂತೆ. ಬರೋ ತಿಂಗಳು ಸಾಮಾನು ಸಾಗಿಸ್ತಾರಂತಲ್ಲ, ಗೊತ್ತಿಲ್ವಾ?" ಎಂದ.

ಇಷ್ಟು ದಿನ ಆ ಗೋಡೆಯನ್ನು ಶಪಿಸಿದ ದೊಡ್ಡವಳಿಗೆ, ಗೋಡೆಯಾಚೆಗೆ ಯಾರೂ ಇಲ್ಲದ ದಿನವೂ ಬರಬಹುದೆಂದು ಹೊಳೆದೇ ಇರಲಿಲ್ಲ. ಆ ಪಿನ್ನಿನ ಸದ್ದೂ ನಿಂತರೆ? ಅವಳು ಚಹಾ ಮುಟ್ಟಲಿಲ್ಲ. ಮಡಿಲ ಮೇಲಿನ ದಾರದ ಚೂರುಗಳನ್ನು ಕೊಡವಿ ಎದ್ದು, ಅಂಗಡಿಯಿಂದಿಳಿದು ಸುತ್ತಿಕೊಂಡು ಹೋಗಿ ಪಕ್ಕದ ಬಾಗಿಲಲ್ಲಿ ನಿಂತಳು. ಗಂಡ "ಎಲ್ಲಿಗೆ?" ಎಂದದ್ದು ಬೆನ್ನಹಿಂದೆಯೇ ಉಳಿಯಿತು.

ಮೈದುನ ಕಾರಿನ ಸೀಟೊಂದನ್ನು ಮಗುಚಿ ಹಾಕಿಕೊಂಡು ಕೂತಿದ್ದ, ಬಾಯಲ್ಲಿ ನಾಲ್ಕಾರು ಮೊಳೆ. ಅತ್ತಿಗೆಯನ್ನು ಕಂಡು ಮೊಳೆಗಳನ್ನು ಅಂಗೈಗೆ ಉಗುಳಿದ. ಒಳಗಡೆ ಚಿಕ್ಕವಳು ಪಿನ್ನು ಹೊಡೆಯುವುದನ್ನು ನಿಲ್ಲಿಸಿದಳು.

"ಅಣ್ಣ ಕಳಿಸಿದ್ನಾ?"

"ನನ್ನನ್ನ ಯಾರೂ ಕಳಿಸಿಲ್ಲಪ್ಪಾ. ನನ್ನ ಕೈ ಬೆಚ್ತಾ ಇದೆ. ಗುರಿ ನಿಲ್ತಾ ಇಲ್ಲ. ಗುಂಡು ತುಂಬಿಕೊಡೋರು ಬೇಕು. ಇವಳನ್ನ ಕಳಿಸು."

"ಊರಲ್ಲಿ ಬೇರೆ ಯಾರೂ ಇಲ್ವಾ?"

"ಇಲ್ಲ" ಎಂದಳು ದೊಡ್ಡವಳು. ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಒರೆಸಿಕೊಳ್ಳಲಿಲ್ಲ. "ನೋಡಪ್ಪಾ, ನೀವು ಅಣ್ಣತಮ್ಮ ಬಡಿದಾಡ್ಕೊಳ್ಳಿ, ಬೇಡ ಅನ್ನಲ್ಲ. ಅವರು ಅವತ್ತು ಆಡಿದ್ದು ತಪ್ಪು, ಅವರ ಪರವಾಗಿ ನಾನು ಮಾತಾಡೋಕೆ ಬಂದಿಲ್ಲ. ನನಗೆ ನನ್ನ ಕೈ ಬೇಕು. ಅಷ್ಟೇ."

ಮೈದುನ ಕೆಟ್ಟವನೇನಲ್ಲ. ಹಟಮಾರಿ, ಅಣ್ಣನ ಹಾಗೇ. ಮೊಳೆಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಸುರಿಯುತ್ತಾ ಯೋಚಿಸಿದ. "ಅತ್ತಿಗೆ, ನಿಮ್ಮ ಮೇಲೆ ನನಗೇನೂ ಇಲ್ಲ. ಆದ್ರೆ ಅವನ ಮಾತು ನಾನು ಮರೆಯಲ್ಲ. ನಿಮ್ಮ ಕೈ ಸರಿಹೋಗೋ ತನಕ ಇವಳು ಬರಲಿ. ಸರಿಹೋದ ದಿನ ಮುಗೀತು. ಆಮೇಲೆ ನಮ್ಮ ದಾರಿ ನಮಗೆ, ನಿಮ್ಮ ದಾರಿ ನಿಮಗೆ."

"ಸರಿ" ಎಂದಳು. ಒಳಗೆ ನಿಂತಿದ್ದ ಚಿಕ್ಕವಳ ಕಡೆ ನೋಡುವ ಧೈರ್ಯವಾಗದೆ ಹಾಗೇ ತಿರುಗಿ ಬಂದಳು.

ಭಾನುವಾರ ಬೆಳಿಗ್ಗೆ ಕಲ್ಲುಗಣಿಯಲ್ಲಿ ಹತ್ತಿಕಿವಿಯನ್ನು ಬಿಟ್ಟರೆ ಅವರಿಬ್ಬರೇ. ಚಿಕ್ಕವಳು ಬೇರೆಯಾಗಿ ಬಸ್ಸು ಹಿಡಿದು ಬಂದಿದ್ದಳು. ಬಂದವಳು "ಅಕ್ಕಾ" ಎಂದಳು, ಅಷ್ಟೇ. ದೊಡ್ಡವಳು ರೈಫಲ್ಲನ್ನು ಮಣ್ಣಿನ ದಿಬ್ಬದ ಕಡೆ ಮೂತಿ ಮಾಡಿ ಮೇಜಿನ ಮೇಲಿಟ್ಟು, ನಿಜದ ಗುಂಡು ಒಂದು ಡಬ್ಬಿ, ಸುಳ್ಳಿನವು ಒಂದು ಡಬ್ಬಿ ಪಕ್ಕಕ್ಕಿಟ್ಟು, ಬೆನ್ನು ತಿರುಗಿಸಿ ನಿಂತಳು.

ಟಣ್. ಟಪ್. ಟಣ್. ಟಣ್. ಟಪ್.

ವಟವಟ ಮಾತಾಡಲಿಲ್ಲ. ದೊಡ್ಡವಳು ಕಾದಳು. ಕೊಳವೆ ತುಂಬಿತು, ಕೊಳವೆಯ ಬಾಯಿ ಮುಚ್ಚುವ ಹಿತ್ತಾಳೆಯ ಕಡ್ಡಿ ಒಳಗೆ ಸರಿದು ತಿರುಗಿದ ಸದ್ದೂ ಆಯಿತು. ಒಂದೊಂದೂ ಕೇಳಿಸಿತ್ತು. ಆ ಬೆಳಿಗ್ಗೆ ಅವಳಿಗಾದ ಬೇಸರ ಗೋಡೆ ಕಟ್ಟಿದ ದಿನವೂ ಆಗಿರಲಿಲ್ಲ. ಪಕ್ಕದಲ್ಲಿ ಇದ್ದೂ ಇಲ್ಲದ ಹಾಗೆ ಇರುವುದಕ್ಕಿಂತ ಗೋಡೆಯೇ ವಾಸಿ ಎನ್ನಿಸಿತು.

"ಎಲ್ಲಾ ಕೇಳಿಸ್ತು ಕಣೇ" ಎಂದಳು. "ತೆಗೆದು ಮತ್ತೆ ತುಂಬು. ಮಾತಾಡ್ತಾ ತುಂಬು."

"ಮಾತು ಬರ್ತಾ ಇಲ್ಲ ಅಕ್ಕಾ."

"ನಿನಗಾ? ಮಾತಾ?"

ಹಿಂದಿನಿಂದ ಮೂಗು ಎಳೆದುಕೊಂಡ ಸದ್ದು ಬಂತು. ಗುಂಡುಗಳನ್ನೆಲ್ಲ ಮೇಜಿನ ಮೇಲೆ ಸುರಿದದ್ದು ಕೇಳಿತು. ಆಮೇಲೆ ಸಣ್ಣ ದನಿಯಲ್ಲಿ ಶುರುವಾಯಿತು. "ನಿಮ್ಮ ಮಿಷನ್ನು ನಿಂತ್ರೆ ನಾನು ಪಿನ್ನು ಹೊಡೆಯೋದು ನಿಲ್ಲಿಸ್ತಿದ್ದೆ, ಗೊತ್ತಾ? ಅಕ್ಕಂಗೆ ಏನೋ ಆಯ್ತು, ತಲೆನೋವೇನೋ ಅಂತ. ಮತ್ತೆ ಶುರುವಾದ್ರೆ ಸದ್ಯ ಅಂತ ನಾನೂ ಶುರು. ನಮ್ಮೋರು ಕೇಳಿದ್ರು, ಏನೇ ನಿಲ್ಲಿಸಿ ನಿಲ್ಲಿಸಿ ಕೆಲಸ ಮಾಡ್ತೀಯ ಅಂತ. ಕೈ ನೋಯುತ್ತೆ ಅಂದೆ. ಕೈ ಎಲ್ಲಿ ನೋಯುತ್ತೆ, ಬಾಯಿ ನೋಯ್ತಾ ಇತ್ತು ಅಕ್ಕಾ, ಬೆಳಗಿಂದ ಸಂಜೆತನಕ ಮುಚ್ಕೊಂಡು ಮುಚ್ಕೊಂಡು. ಒಂದಿನ ಆ ಪ್ಲೈವುಡ್ಡಿಗೇ ಹೇಳಿದೆ, ಮೂಲೆಮನೆಯವಳು ಕನ್ನಡಕ ಒಡೆದುಕೊಂಡ್ಳು ಅಂತ. ಹುಚ್ಚಿ ಅಂದುಕೊಳ್ಳಿ ಬೇಕಾದ್ರೆ. ಅಲ್ಲಾ, ನೀವಾದ್ರೂ ಒಂದಿನ ಬರಬಾರದಿತ್ತಾ? ನಾನು ಬರೋ ಹಾಗಿರಲಿಲ್ಲ. ನಿಮಗೇನು ಧಾಡಿಯಾಗಿತ್ತು? ನೀವು ಬರೋದಕ್ಕೆ ಕೈ ಬೆಚ್ಚಬೇಕಾಯ್ತಾ?"

ಅಳುತ್ತಾ ಬೈಯುತ್ತಾ ತುಂಬುತ್ತಲೇ ಇದ್ದಳು. ದೊಡ್ಡವಳಿಗೆ ಟಣ್ ಎಂದದ್ದು ಕೇಳಲಿಲ್ಲ, ಟಪ್ ಎಂದದ್ದೂ ಕೇಳಲಿಲ್ಲ. "ಹೌದು ಕಣೇ, ಬರಬೇಕಿತ್ತು" ಎಂದಳು. "ನನಗೆ ಧೈರ್ಯ ಸಾಲಲಿಲ್ಲ." ತಿರುಗಿ ನೋಡಲು ಕ್ರಮವಿಲ್ಲ. ಇದ್ದಿದ್ದರೂ ನೋಡಲಾಗುತ್ತಿರಲಿಲ್ಲ.

ರೈಫಲ್ ಕೈಗೆ ಬಂತು. ಇಬ್ಬರೂ ಕಿವಿ ಮುಚ್ಚಿಕೊಂಡರು. ದೊಡ್ಡವಳು ಎಡ ಹೆಗಲಿಗೆ ಆನಿಸಿಕೊಂಡಳು, ಲಿವರ್ ತಳ್ಳಿ ಎಳೆದಳು. ಇದು ಸುಳ್ಳೇ ಇರಬೇಕು ಎಂದುಕೊಂಡು ಮೆಲ್ಲಗೆ ಎಳೆದಳು. ಹೊಡೆಯಿತು. ಎರಡನೆಯದಂತೂ ಖಂಡಿತ ಸುಳ್ಳು. ಹೊಡೆಯಿತು. ಮೂರನೆಯದು, ನಾಲ್ಕನೆಯದು… ಈಗ ಬರುತ್ತದೆ, ಈಗ ಬರುತ್ತದೆ ಎಂದು ಪ್ರತಿಯೊಂದನ್ನೂ ಸುಳ್ಳೆಂದೇ ನಂಬಿ, ಹೆದರಿಕೆಯಿಲ್ಲದೆ ಬೆರಳು ಮಡಚುತ್ತಾ ಹೋದಳು. ಕೊಳವೆ ಬರಿದಾದರೂ ಸುಳ್ಳು ಬರಲೇ ಇಲ್ಲ.

ಹಿಂದೆ ತಿರುಗಿದರೆ ಚಿಕ್ಕವಳು ಬಾಯಿ ಬಿಟ್ಟುಕೊಂಡು ಸುಳ್ಳಿನ ಡಬ್ಬಿಯನ್ನೇ ನೋಡುತ್ತಿದ್ದಳು. ಅದು ಹಾಗೇ ಇತ್ತು. "ಅಯ್ಯೋ ನನ್ನ ತಲೆ! ಅಕ್ಕಾ, ಒಂದೂ ಹಾಕಿಲ್ಲ! ಮಾತಾಡ್ತಾ ಮಾತಾಡ್ತಾ ಸುಳ್ಳು ಹಾಕೋದೇ ಮರೆತುಬಿಟ್ಟೆ!"

ಹತ್ತಿಕಿವಿ ಕುಂಟುತ್ತಾ ಹೋಗಿ ಗುರಿಕಾಗದ ಕಿತ್ತು ತಂದ. ಮೇಜಿನ ಮೇಲೆ ಹರಡಿದ. ನಟ್ಟನಡುವೆ ಒಂದೇ ಒಂದು ಹರಕು ತೂತು, ಇಲಿ ಕಡಿದಂತೆ. ಬೇರೆಲ್ಲೂ ಒಂದು ಗೀರಿಲ್ಲ. "ಭಲೇ! ಹೋಯ್ತಲ್ಲಮ್ಮಾ ಬೆಚ್ಚು!" ಎಂದು ಅವನು ನಕ್ಕು, ಬೇರೆ ಕಾಗದ ಅಂಟಿಸಲು ಹೋದ.

ಇಬ್ಬರೂ ಆ ತೂತನ್ನು ನೋಡಿದರು. ನೋಡಿದಷ್ಟೂ ದೊಡ್ಡವಳ ಮುಖ ಬಾಡಿತು. ಕೈ ಸರಿಹೋದ ದಿನ ಮುಗೀತು ಎಂದಿದ್ದ ಮೈದುನ. ಸರಿ ಎಂದು ಒಪ್ಪಿಕೊಂಡು ಬಂದವಳೂ ಅವಳೇ. ಒಂದೇ ಭಾನುವಾರಕ್ಕೆ ಸರಿಹೋಗುತ್ತದೆಂದು ಯಾರು ಕಂಡಿದ್ದರು! ಹಾಳಾದ ಕೈ, ಇಷ್ಟು ದಿನ ಬೆಚ್ಚಿದ್ದು ಇವತ್ತೇ ನೆಟ್ಟಗಾಗಬೇಕಿತ್ತೇ?

ಚಿಕ್ಕವಳು ಕಾಗದವನ್ನು ಮೆಲ್ಲಗೆ ಮಡಚಿದಳು. "ಸರಿಹೋಯ್ತಲ್ಲ ಅಕ್ಕಾ" ಎಂದಳು. ಸಂತೋಷದ ಮಾತು, ದನಿಯಲ್ಲಿ ಮಾತ್ರ ಸಂತೋಷವಿರಲಿಲ್ಲ. ಕೈಚೀಲ ಹೆಗಲಿಗೆ ಹಾಕಿಕೊಂಡಳು.

"ತಾಳೇ" ಎಂದಳು ದೊಡ್ಡವಳು. "ಸುಳ್ಳು ಹಾಕದೆ ಹೆಂಗೆ ಗೊತ್ತಾಗುತ್ತೆ? ಇನ್ನೊಂದು ಸಲ ತುಂಬು. ಸರಿಯಾಗಿ ಬೆರೆಸಿ ತುಂಬು."

ಚಿಕ್ಕವಳು ಚೀಲ ಇಳಿಸಿದಳು. ಹತ್ತಿಕಿವಿ ಕಾಗದ ಅಂಟಿಸಿ ಈಚೆ ಬಂದು ತನ್ನ ಜಾಗಕ್ಕೆ ಹೋದ ಮೇಲೆ ತುಂಬಿದಳು, ಮಾತಾಡುತ್ತಲೇ ತುಂಬಿದಳು. ಶೆಡ್ಡಿನ ತಗಡು, ಅಲ್ಲಿಯ ಕಾಗೆಗಳು, ಗಂಡನ ಗೊರಕೆ. ದೊಡ್ಡವಳು ರೈಫಲ್ ಎತ್ತಿಕೊಂಡಳು. ನಿಜ, ನೆಟ್ಟಗೆ ಹೋಯಿತು. ನಿಜ, ನೆಟ್ಟಗೆ ಹೋಯಿತು. ಮೂರನೆಯದು ಟಿಕ್ ಎಂದಿತು. ಮೂತಿ ಕಲ್ಲಿನ ಹಾಗೆ ನಿಂತಿತ್ತು. ಬೆಚ್ಚು ನಿಜವಾಗಿಯೂ ಹೋಗಿಬಿಟ್ಟಿತ್ತು. ಟಿಕ್ ಎಂದು ಒಂದು ಉಸಿರು ಕಳೆದ ಮೇಲೆ, ದೊಡ್ಡವಳು ಇದ್ದ ಬಲವನ್ನೆಲ್ಲ ಹಾಕಿ ರೈಫಲಿನ ಮೂತಿಯನ್ನು ಕೆಳಕ್ಕೆ ಜಗ್ಗಿದಳು. ಬೆಚ್ಚಿದವರು ಯಾರೂ ಹಾಗೆ ಜಗ್ಗುವುದಿಲ್ಲ. ಬಾವಿಯಿಂದ ನೀರು ಸೇದುವವರು ಜಗ್ಗುತ್ತಾರೆ.

ದೊಡ್ಡವಳು ಗುರಿಯಿಂದ ಕಣ್ಣು ಕೀಳಲಿಲ್ಲ. ಕಿವಿಯ ಮುಚ್ಚಳವನ್ನು ಒಂದು ಕಡೆ ಸರಿಸಿ, "ನೋಡಿದ್ಯಾ?" ಎಂದಳು.

ವರ್ಷಗಟ್ಟಲೆ ಆ ಮೂತಿಯನ್ನೇ ನೋಡುತ್ತಾ ನಿಂತವಳು ಚಿಕ್ಕವಳು. ಅದರ ಕೂದಲೆಳೆಯಷ್ಟು ಅಲುಗಾಟವೂ ಅವಳಿಗೆ ಗೊತ್ತು. ಅವಳು ಹತ್ತಿರ ಬಂದು ಅಕ್ಕನ ಬೆನ್ನ ಮೇಲೆ ಅಂಗೈ ಇಟ್ಟಳು.

"ನೋಡಿದೆ ಅಕ್ಕಾ" ಎಂದಳು. "ಬಹಳ ಜೋರಾಗಿದೆ. ನಮ್ಮೋರಿಗೆ ಹೇಳ್ತೀನಿ, ಇದು ಬೇಗ ವಾಸಿಯಾಗೋ ಬೆಚ್ಚಲ್ಲ, ಸುಮಾರು ವರ್ಷ ಹಿಡಿಯುತ್ತೆ ಅಂತ."